ಶುಕ್ರವಾರ ಸಂಜೆಯಿಂದ ನನ್ನ ಬಾಯಿಂದ ಬಂದಿದ್ದು ನಾಲ್ಕು ಅಂಕಿ ಮಾತ್ರ

ಒಂಟಿಮರ · ಭಾನುವಾರ, ರಾತ್ರಿ 11.40

ತಲೆಬರಹ ತಮಾಷೆಗೆ ಹಾಕಿದ್ದಲ್ಲ. ಶುಕ್ರವಾರ ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿದೆ. ಈಗ ಭಾನುವಾರ ರಾತ್ರಿ. ಈ ಮಧ್ಯೆ ನಾನು ಇನ್ನೊಬ್ಬ ಮನುಷ್ಯನ ಜೊತೆ ಆಡಿದ ಮಾತು ಅಂದರೆ ಊಟ ತಂದುಕೊಟ್ಟ ಹುಡುಗನಿಗೆ ಹೇಳಿದ ಓಟಿಪಿ. "ಏಳು, ಎರಡು, ಎರಡು, ಒಂಬತ್ತು." ಅಷ್ಟೇ. ಅವನು ಥ್ಯಾಂಕ್ಸ್ ಸರ್ ಅಂದ. ನಾನೂ ಏನಾದರೂ ಅನ್ನಬೇಕು ಅಂದುಕೊಳ್ಳುವಷ್ಟರಲ್ಲಿ ಲಿಫ್ಟ್ ಬಾಗಿಲು ಮುಚ್ಚಿತು. ಗಂಟಲು ಕಟ್ಟಿಕೊಂಡಿದೆ ಅಂತ ಆಗಲೇ ಗೊತ್ತಾಗಿದ್ದು. ನೆಗಡಿ ಏನೂ ಇಲ್ಲ, ಎರಡು ದಿನ ಮಾತೇ ಆಡಿರಲಿಲ್ಲ.

ನನಗೆ 34. ಊರು ತಿಪಟೂರು ಕಡೆ, ಕೆಲಸ ಬೆಂಗಳೂರಲ್ಲಿ, ಔಟರ್ ರಿಂಗ್ ರೋಡ್ ಪಕ್ಕ. ಸಂಬಳಕ್ಕೆ ತೊಂದರೆ ಇಲ್ಲ. ನಾಲ್ಕು ವರ್ಷ ಒಬ್ಬಳನ್ನು ಪ್ರೀತಿಸಿದೆ, ಆಗಲಿಲ್ಲ. ಅವಳಿಗೆ ಮದುವೆಯಾಗಿ ಒಂದೂವರೆ ವರ್ಷ. ಮೊದಲ ಆರು ತಿಂಗಳು ಅವಳೇ ನೆನಪಾಗುತ್ತಿದ್ದಳು. ಈಗ ನಿಜ ಹೇಳಬೇಕೆಂದರೆ ಅವಳ ಮುಖ ಅಷ್ಟಾಗಿ ಬರುವುದಿಲ್ಲ. ದಿನಾ ರಾತ್ರಿ ಎಂಟಕ್ಕೆ ಬರುತ್ತಿದ್ದ ಒಂದು ಮೆಸೇಜು ಮಾತ್ರ ನೆನಪಾಗುತ್ತದೆ. "ಮನೆ ತಲುಪಿದ್ಯಾ?" ಈಗ ನಾನು ಮನೆ ತಲುಪಿದರೂ, ತಲುಪದೇ ಇದ್ದರೂ, ಸೋಮವಾರ ಹತ್ತು ಗಂಟೆಯ ಮೀಟಿಂಗ್‌ವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಈ ಲೆಕ್ಕ ಮೊನ್ನೆ ರಾತ್ರಿ ತಲೆಗೆ ಬಂತು, ಆಮೇಲೆ ನಿದ್ದೆ ಬರಲಿಲ್ಲ.

ಒಂಟಿಯಾಗಿ ಇರುವುದನ್ನು ಕಲಿಯಬೇಕಾ, ಇಲ್ಲ ಹೇಗಾದರೂ ಇದರಿಂದ ಹೊರಗೆ ಬರಬೇಕಾ? ಅನುಭವ ಇದ್ದವರು ಹೇಳಿ. "ಪಾಸಿಟಿವ್ ಆಗಿರಿ" ಅನ್ನುವವರು ದಯವಿಟ್ಟು ಬೇಡ.

ಫಿಲ್ಟರ್‌ಕಾಫಿ · ಸೋಮವಾರ, ಬೆಳಿಗ್ಗೆ 7.15

34 ವರ್ಷ, ಒಳ್ಳೆ ಸಂಬಳ, ಕೆಟ್ಟ ಅಭ್ಯಾಸ ಇದ್ದ ಹಾಗೆ ಕಾಣಲ್ಲ. ಮದುವೆ ಆಗಿ ಸ್ವಾಮಿ, ಮುಗೀತು. ಮುಂದಿನ ವರ್ಷ ಇಲ್ಲೇ ಬಂದು "ಎರಡು ನಿಮಿಷ ಸುಮ್ನೆ ಕೂರೋಕೆ ಬಿಡಲ್ಲ" ಅಂತ ಬರೆಯುತ್ತೀರಿ.

ಕರೆಂಟು_ಹೋದಾಗ · ಸೋಮವಾರ, ಬೆಳಿಗ್ಗೆ 10.50

ಫಿಲ್ಟರ್‌ಕಾಫಿ ಅವರೇ, ನಿಮ್ಮ ಮದ್ದು ನಾನು 11 ವರ್ಷದಿಂದ ತಗೊಳ್ಳುತ್ತಿದ್ದೇನೆ.

ನನ್ನ ಗಂಡ ಒಳ್ಳೆಯವರು. ಕುಡಿಯಲ್ಲ, ಬೈಯಲ್ಲ, ತಿಂಗಳ ಸಾಮಾನು ಪಟ್ಟಿ ಕೊಟ್ಟರೆ ಒಂದೂ ಬಿಡದೆ ತರುತ್ತಾರೆ. ಆದರೆ ನಮ್ಮಿಬ್ಬರ ಮಧ್ಯೆ ಇರುವ ಮಾತು ಪೂರಾ ಆ ಪಟ್ಟಿಯಂಥದ್ದೇ. ಗ್ಯಾಸ್ ಬುಕ್ ಮಾಡಿದ್ರಾ, ಸ್ಕೂಲ್ ಫೀಸು ಕಟ್ಟಿದ್ರಾ, ಗೀಸರ್ ಆಫ್ ಮಾಡಿದ್ಯಾ. ರಾತ್ರಿ ಸೋಫಾದ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು, ಇಬ್ಬರ ಮುಖಕ್ಕೂ ಫೋನಿನ ಬೆಳಕು. ನಾನು ಏನಾದರೂ ಹೇಳಿದರೆ "ಹ್ಞೂಂ" ಅನ್ನುತ್ತಾರೆ. ಬೇಕು ಅಂತಲೇ ಒಂದು ಸಲ "ನಾಳೆಯಿಂದ ನಾನು ಸನ್ಯಾಸ ತಗೊಳ್ತೀನಿ" ಅಂದೆ. ಅದಕ್ಕೂ "ಹ್ಞೂಂ, ಸರಿ."

ಒಬ್ಬಳೇ ಇದ್ದಾಗಿನ ಒಂಟಿತನಕ್ಕೆ ಒಂದು ಕಾರಣ ಆದರೂ ಇರುತ್ತದೆ, ಯಾರೂ ಇಲ್ಲ ಅಂತ. ಪಕ್ಕದಲ್ಲೇ ಜನ ಇದ್ದೂ ಹೀಗೆ ಅನ್ನಿಸಿದರೆ ಯಾರಿಗೆ ಹೇಳುವುದು? ತವರಲ್ಲಿ ಹೇಳಿದರೆ "ಇನ್ನೇನೇ ಬೇಕು ನಿಂಗೆ" ಅನ್ನುತ್ತಾರೆ.

ಹೆಸರು ಯಾಕೆ ಹೀಗಿಟ್ಟುಕೊಂಡೆ ಅಂದರೆ, ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಮರ ಬಿದ್ದು ನಮ್ಮ ಬೀದಿಗೆ ಐದು ಗಂಟೆ ಕರೆಂಟು ಇರಲಿಲ್ಲ. ಇಬ್ಬರ ಫೋನೂ ಸತ್ತವು. ಮೇಣದ ಬತ್ತಿ ಹಚ್ಚಿ ಅಡುಗೆಮನೆ ಕಟ್ಟೆ ಮೇಲೆ ಕೂತೆವು. ಅವರು ಚಿಕ್ಕವರಿದ್ದಾಗ ಕತ್ತಲಿಗೆ ಹೆದರುತ್ತಿದ್ದರಂತೆ. ಅವರಜ್ಜಿ ಗೋಡೆ ಮೇಲೆ ಬೆರಳಲ್ಲಿ ಜಿಂಕೆ ನೆರಳು ಮಾಡಿ ತೋರಿಸುತ್ತಿದ್ದರಂತೆ. ನನಗೂ ಮಾಡಿ ತೋರಿಸಿದರು. 11 ವರ್ಷದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ ನೋಡಿ. ಆಮೇಲೆ ಕರೆಂಟು ಬಂತು, ಮೊದಲು ಕೂಗಿದ್ದು ಟಿವಿ.

ಓದುಗುಳಿ · ಸೋಮವಾರ, ಮಧ್ಯಾಹ್ನ 1.30

ಒಂಟಿಮರ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ನನಗೂ ಇದು ಆಗಿತ್ತು, ಆಗ ನಾನು ಮಾಡಿದ ಒಂದೇ ಒಂದು ಕೆಲಸ ಅಂದರೆ ಓದಿದ್ದು.

ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಜಾನ್ ಕಾಸಿಯೊಪ್ಪೊ ಅಂತ ಒಬ್ಬರಿದ್ದರು, 2018ರಲ್ಲಿ ತೀರಿಕೊಂಡರು. ಒಂಟಿತನದ ಮೇಲೆ ಬಹಳ ವರ್ಷ ಕೆಲಸ ಮಾಡಿದವರು. ಅವರ ಪ್ರಕಾರ ಇದು ಹಸಿವು, ಬಾಯಾರಿಕೆ ಇದ್ದ ಹಾಗೆ. ಮೈಗೆ ಏನೋ ಬೇಕಾಗಿದೆ ಅಂತ ತಿಳಿಸುವ ಗಂಟೆ. ಹಸಿವಾದರೆ ನಾವು ನಾಚಿಕೊಳ್ಳುವುದಿಲ್ಲ, ಇದಕ್ಕೆ ಮಾತ್ರ ನಾಚಿಕೊಳ್ಳುತ್ತೇವೆ. ಆದರೆ ಒಂದು ಕಡೆ ಇದು ಹಸಿವಿಗಿಂತ ಬೇರೆ. ಹಸಿದವನು ಅನ್ನ ಕಂಡರೆ ಹತ್ತಿರ ಹೋಗುತ್ತಾನೆ. ಬಹಳ ದಿನ ಒಂಟಿಯಾಗಿದ್ದವನು ಜನ ಕಂಡರೆ ಹಿಂದೆ ಸರಿಯುತ್ತಾನೆ. ಒಬ್ಬರೇ ಇದ್ದೂ ಇದ್ದೂ ಮಿದುಳು ಕಾವಲಿಗೆ ನಿಲ್ಲುತ್ತದಂತೆ. ಯಾರಾದರೂ ನಕ್ಕರೆ ನನ್ನನ್ನೇ ನೋಡಿ ನಕ್ಕರಾ, ಫೋನ್ ಎತ್ತಲಿಲ್ಲ ಅಂದರೆ ಬೇಕಂತಲೇ ಎತ್ತಲಿಲ್ಲವಾ, ಹೀಗೆ. ಆಗ ನಾವೇ ಸಿಡುಕುತ್ತೇವೆ, ಅವರೂ ದೂರ ಆಗುತ್ತಾರೆ. ಸುತ್ತು ಅಲ್ಲಿಗೆ ಪೂರ್ತಿ. ನಿಮಗೆ ಬಂದ ಕರೆಗಳನ್ನು ನೀವೇ ಎತ್ತದೆ ಬಿಟ್ಟಿದ್ದು ಎಷ್ಟಿದೆ, ಒಮ್ಮೆ ನೋಡಿ.

ಇನ್ನು ಅಂಕಿ ಸಂಖ್ಯೆ ಬೇಕಾದವರಿಗೆ: 2025ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಬಂತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಈ ಒಂಟಿತನ ಕಾಡುತ್ತದೆ, ವರ್ಷಕ್ಕೆ ಸುಮಾರು 8,71,000 ಸಾವಿಗೂ ಇದಕ್ಕೂ ನಂಟಿದೆ ಅಂತ ಅದರಲ್ಲಿದೆ. ಮುದುಕರ ಕಾಯಿಲೆ ಅಂದುಕೊಂಡಿದ್ದೆ, ಹದಿಹರೆಯದವರಲ್ಲೇ ಜಾಸ್ತಿ ಕಂಡಿದೆ. ಆ ವರದಿ ಮಾಡಿದ ಆಯೋಗದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ವಿವೇಕ್ ಮೂರ್ತಿ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯರು ಆಗಿದ್ದವರು, 2023ರಲ್ಲೇ ಒಂಟಿತನದ ಬಗ್ಗೆ ತಮ್ಮ ದೇಶಕ್ಕೆ ಎಚ್ಚರಿಕೆ ಕೊಟ್ಟವರು. ಅವರ ಮನೆತನದ ಊರು ನಮ್ಮ ಮಂಡ್ಯದ ಹಲ್ಲೆಗೆರೆ. ಅಷ್ಟು ಜನ ಒಟ್ಟಿಗೆ ಬಾಳುವ ಸೀಮೆಯ ಮೂಲದವರೇ ಇದನ್ನು ಜಗತ್ತಿಗೆ ಹೇಳಬೇಕಾಗಿ ಬಂತಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಏಕಾಂತ ಬೇರೆ, ಒಂಟಿತನ ಬೇರೆ ಅನ್ನುವುದನ್ನೂ ಮರೆಯಬೇಡಿ.

ಒಂಟಿಮರ · ಸೋಮವಾರ, ರಾತ್ರಿ 9.05

ಓದುಗುಳಿ, ಆ ಕೊನೆ ಸಾಲು ಬೇಡವಾಗಿತ್ತು. ಎಲ್ಲಿ ನೋಡಿದರೂ ಅದೇ. ಏಕಾಂತ ಎಂಥದ್ದು ಅಂತ ನನಗೆ ಗೊತ್ತು, ನಮ್ಮ ತೋಟದಲ್ಲಿ ನೀರು ಕಟ್ಟುವಾಗ ಇಡೀ ರಾತ್ರಿ ಒಬ್ಬನೇ ಇರುತ್ತಿದ್ದೆ, ಒಂದು ದಿನವೂ ಬೇಜಾರಾಗಿದ್ದಿಲ್ಲ. ಬೆಳಿಗ್ಗೆ ಮನೆಗೆ ಹೋದರೆ ಅವ್ವ ರೊಟ್ಟಿ ತಟ್ಟುತ್ತಾ "ಎಷ್ಟು ಸಾಲು ಆಯ್ತು" ಅಂತ ಕೇಳುತ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಇರಬೇಕು.

ಆದರೆ ಕಾವಲಿನ ಮಾತು ಹೇಳಿದಿರಲ್ಲ, ಅದು ಚುಚ್ಚಿತು. ಫೋನ್ ತೆಗೆದು ನೋಡಿದೆ. ಕಳೆದ ತಿಂಗಳು ಅಪ್ಪ 9 ಸಲ ಮಾಡಿದ್ದಾರೆ. ನಾನು ಎತ್ತಿದ್ದು 3. ಮಾಡಿದರೆ ಏನು ಮಾತಾಡುತ್ತಾರೆ ಹೇಳಿ, ಮಳೆ ಬಂತಾ, ಇಲ್ಲಿ ಬಂತು, ಕೊಬ್ಬರಿ ಈ ವಾರ ಇಷ್ಟಕ್ಕೆ ಹೋಯಿತು. ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. "ಸರಿ ಇಡ್ಲಾ?" "ಹ್ಞೂಂ ಇಡಪ್ಪ."

ಕಿಟಕಿ_ಸೀಟು · ಸೋಮವಾರ, ರಾತ್ರಿ 10.30

ನನಗೆ 61 ವರ್ಷ. ಹಾಸನ. ಟೈಪ್ ಮಾಡುವುದು ನಿಧಾನ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮನೆಯವರು 2021ರ ಮೇ ತಿಂಗಳಲ್ಲಿ ಹೋದರು. ಆಗ ಹೇಗಿತ್ತು ಅಂತ ನಿಮಗೆಲ್ಲ ಗೊತ್ತಿದೆ, ಅದನ್ನು ಬರೆಯುವುದಿಲ್ಲ. ಮಗಳು ಪುಣೆಯಲ್ಲಿ. ಬಾ ಅಂತಾಳೆ, ಹೋಗುತ್ತೇನೆ, ಹದಿನೈದು ದಿನಕ್ಕೆ ವಾಪಸ್ಸು. ಅಲ್ಲಿ ಅವರ ಮನೆಯ ಗಡಿಯಾರವೇ ಬೇರೆ.

ಒಂದು ಪಾವು ಅಕ್ಕಿ ಇಡುವುದು 36 ವರ್ಷದ ಅಭ್ಯಾಸ. ಅವರು ಹೋದ ಮೇಲೂ ಕೈ ಪಾವೇ ತುಂಬುತ್ತಿತ್ತು. ತಂಗಳನ್ನ ಮಿಕ್ಕುತ್ತಿತ್ತು, ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಮತ್ತೆ ಅದೇ ಪಾವು. ಒಂದು ದಿನ ಅರ್ಧ ಪಾವು ಅಳೆದೆ. ಅವತ್ತು ಅತ್ತ ಹಾಗೆ ತಿಥಿಯ ದಿನವೂ ಅತ್ತಿರಲಿಲ್ಲ.

ಎರಡು ವರ್ಷ ಮನೆ ಬಿಟ್ಟು ಕದಲಲಿಲ್ಲ. 2023ರ ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ಎದುರುಮನೆಯವಳು ಬೇಲೂರಿಗೆ ಹೋಗಿಬರೋಣ ಬಾ ಅಕ್ಕ ಅಂದಳು. ಹೊರಡುವ ದಿನ ಅವಳಿಗೆ ಜ್ವರ. ಸೀರೆ ಉಟ್ಟು ನಿಂತಿದ್ದೆ. ಬಿಚ್ಚಿ ಮಡಚಿಡಲು ಮನಸ್ಸಾಗಲಿಲ್ಲ, ಒಬ್ಬಳೇ ಹೋದೆ. ಆಧಾರ್ ತೋರಿಸಿದೆ, ಕಂಡಕ್ಟರು ಜೀರೋ ಟಿಕೆಟ್ ಹರಿದು ಕೊಟ್ಟ. ಆ ಚೀಟಿ ಇನ್ನೂ ಪರ್ಸಿನಲ್ಲಿದೆ, ಅಕ್ಷರ ಮಾಸಿಹೋಗಿದೆ. ಅದಕ್ಕೂ ಮುಂಚೆ ನಾನು ಒಬ್ಬಳೇ ಬಸ್ಸು ಹತ್ತಿದ್ದೇ ಇಲ್ಲ ಅಂದರೆ ನೀವು ನಂಬಲಿಕ್ಕಿಲ್ಲ. ಅಪ್ಪ, ಆಮೇಲೆ ಅಣ್ಣ, ಆಮೇಲೆ ಇವರು. ಕಿಟಕಿ ಪಕ್ಕ ಯಾವಾಗಲೂ ಅವರೇ ಕೂರುತ್ತಿದ್ದುದು, ನನಗೆ ತಲೆ ತಿರುಗುತ್ತದೆ ಅಂತ. ತಿರುಗಲಿಲ್ಲ.

ಬೇಲೂರಲ್ಲಿ ಇಳಿಯಬೇಕಾದವಳು ಇಳಿಯಲೇ ಇಲ್ಲ. ಚಿಕ್ಕಮಗಳೂರಿಗೆ ಹೋಯಿತು ಬಸ್ಸು, ನಾನೂ ಹೋದೆ. ಬೇಲೂರಲ್ಲಿ ಹತ್ತಿದ ಒಬ್ಬಳು ಪಕ್ಕದಲ್ಲಿ ಕೂತಳು, ಮಡಿಲಲ್ಲಿ ಮಲ್ಲಿಗೆ ಹಾರ. ಒಂದು ಮೊಳ ಕಿತ್ತು "ತಗೊಳ್ಳಿ ಅಮ್ಮ, ಮುಡ್ಕೊಳ್ಳಿ" ಅಂದಳು. ನನ್ನ ಹಣೆ ನೋಡಿರಲಿಲ್ಲ ಅಂತ ಕಾಣುತ್ತದೆ, ಅಥವಾ ನೋಡಿಯೂ ಕೊಟ್ಟಳೋ. ನನಗೆ ಕೈ ನಡುಗಿತು. ಬೇಡ ಅನ್ನಲಿಲ್ಲ, ಮುಡಿಯಲೂ ಇಲ್ಲ. ಮಡಿಲಲ್ಲಿ ಇಟ್ಟುಕೊಂಡು ಕೂತೆ. ಬಿಸಿಲಿಗೆ ವಾಸನೆ ಬರುತ್ತಿತ್ತು. ಊರು ಇನ್ನೇನು ಬಂತು ಅನ್ನುವಾಗ ಮುಡಿದುಕೊಂಡೆ. ಆ ಹೆಂಗಸು ಏನೂ ಅನ್ನದೆ ಹಿಂದಿನಿಂದ ಒಂದು ಪಿನ್ನು ಸಿಕ್ಕಿಸಿದಳು.

ವಾಪಸ್ಸು ಬರುವಾಗ ಬಸ್ಸಲ್ಲಿ ಯಾರದೋ ಕೋಳಿ ತಪ್ಪಿಸಿಕೊಂಡು ಡ್ರೈವರ್ ತನಕ ಓಡಿತು. ಬಿದ್ದು ಬಿದ್ದು ನಕ್ಕೆ. ಮನೆಗೆ ಬಂದು ಅವರ ಫೋಟೋ ನೋಡಿ ಕಳ್ಳತನ ಮಾಡಿದ ಹಾಗಾಯಿತು. ನಕ್ಕುಬಿಟ್ಟೆನಲ್ಲ ಅಂತ. ಅದು ಹೋಗಲು ಇನ್ನೂ ನಾಲ್ಕೈದು ಪ್ರಯಾಣ ಬೇಕಾಯಿತು.

ಈಗ ತಿಂಗಳಿಗೆ ಎರಡು ಸಲ ಹೊರಡುತ್ತೇನೆ. ಹೊರನಾಡು, ಶೃಂಗೇರಿ, ಧರ್ಮಸ್ಥಳ, ಸಿದ್ಧಗಂಗೆ. ಭಕ್ತಿ ಅಂತಲೂ ಹೇಳಿ, ಊಟ ಅಂತಲೂ ಹೇಳಿ. ಮನೆಯಲ್ಲಿ ಅರ್ಧ ಪಾವಿನ ಮುಂದೆ ಒಬ್ಬಳೇ ಕೂರುವುದಕ್ಕಿಂತ ಅಲ್ಲಿ ಸಾಲಾಗಿ ಕೂತರೆ ಅನ್ನ ಇಳಿಯುತ್ತದೆ. ಆ ಕಡೆಯವಳು ಯಾರೋ, ಈ ಕಡೆಯವಳು ಯಾರೋ. "ಸಾರು ಹಾಕಿಸ್ಕೊಳ್ಳಿ, ಚೆನ್ನಾಗಿದೆ" ಅನ್ನುತ್ತಾರೆ. ಅಷ್ಟು ಸಾಕು ನನಗೆ.

ಫಿಲ್ಟರ್‌ಕಾಫಿ · ಸೋಮವಾರ, ರಾತ್ರಿ 10.52

ನಮ್ಮ ತೆರಿಗೆ ದುಡ್ಡಲ್ಲಿ ಕೋಳಿ ಜೊತೆ ಟೂರು. ಚೆನ್ನಾಗಿದೆ.

ನಿರ್ವಾಹಕ · ಸೋಮವಾರ, ರಾತ್ರಿ 10.58

ಫ್ರೀ ಬಸ್ಸು ಬೇಕೋ ಬೇಡವೋ ಅನ್ನುವ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿಗೆ ಹೋಗಿ. ಇಲ್ಲಿ ಮುಂದುವರಿಸಿದರೆ ಅಳಿಸುತ್ತೇನೆ.

ಫಿಲ್ಟರ್‌ಕಾಫಿ · ಸೋಮವಾರ, ರಾತ್ರಿ 11.20

ತಪ್ಪಾಯ್ತು ಅಮ್ಮ. ಅಲ್ಲೊಂದು ಇಲ್ಲೊಂದು ಸಾಲು ಓದಿ ಬರೆದುಬಿಟ್ಟೆ, ಆಮೇಲೆ ಪೂರ್ತಿ ಓದಿದೆ. ನಮ್ಮಮ್ಮನೂ ಹೂವು ಮುಡಿದು ಒಂಬತ್ತು ವರ್ಷ ಆಯಿತು. ಮುಡಿ ಅಂತ ನಾನೂ ಹೇಳಿಲ್ಲ, ತಂಗಿಯೂ ಹೇಳಿಲ್ಲ. ಯಾಕೆ ಹೇಳಲಿಲ್ಲ ಅಂತ ಈಗ ಯೋಚನೆ ಮಾಡುತ್ತಿದ್ದೇನೆ.

ಕಟ್ಟಿ_ಕಾಕಾ · ಮಂಗಳವಾರ, ಬೆಳಿಗ್ಗೆ 6.10

ಧಾರವಾಡದಿಂದ ನಮಸ್ಕಾರ. ನನಗ 72. ನಮ್ಮ ಭಾಷಾ ಸ್ವಲ್ಪ ಹಿಂಗ, ನಡಸಿಕೊಳ್ರಿ.

ಸಾಧನಕೇರಿ ಕೆರೆ ದಂಡೆಗೆ ನಾವು ನಾಲ್ಕು ಮಂದಿ ಸಂಜೆ ಐದಕ್ಕೆ ಸೇರುತ್ತೇವೆ. ಹದಿನಾಲ್ಕು ವರ್ಷ ಆತು. ಏನು ಮಾತಾಡುತ್ತೇವೆ ಅಂತ ಕೇಳಿದರೆ ಹೇಳಲಿಕ್ಕೆ ಬರೋದಿಲ್ಲ. ಯಾರ ಸೊಸಿ ಏನಂದಳು, ಯಾವ ಗುಳಿಗಿ ಎಷ್ಟಕ್ಕ ಏರಿತು. ಒಬ್ಬಾತ ಹೇಳಿದ್ದನ್ನೇ ಹೇಳುತ್ತಾನೆ, ಅದಕ್ಕೂ ತಲೆ ಆಡಿಸುತ್ತೇವೆ. ದೊಡ್ಡ ಸ್ನೇಹ ಅಂತ ನಾವು ಯಾರೂ ಅಂದುಕೊಂಡಿದ್ದಿಲ್ಲ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿದ್ದೂ ಕಡಿಮೆ.

ಹೋದ ವರ್ಷ ಶ್ರಾವಣದಾಗ ನಮ್ಮೊಳಗಿನ ಒಬ್ಬಾತ ಬರಲಿಲ್ಲ. ಮಳಿ ಇತ್ತು, ಬಿಡು ಅಂದ್ವಿ. ಮರುದಿನ ಮಳಿ ಇರಲಿಲ್ಲ, ಅವನೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಮೂವರೂ ಆಟೋ ಮಾಡಿಕೊಂಡು ಹೋದ್ವಿ. ಬಚ್ಚಲದಾಗ ಬಿದ್ದಿದ್ದ. ಸೊಂಟದ ಎಲುಬು ಮುರಿದಿತ್ತು, ಜೀವ ಇತ್ತು. ಹಿಂದಿನ ದಿನದಿಂದ ಹಂಗೇ ಬಿದ್ದಿದ್ದನಂತ. ಮಕ್ಕಳು ಇಬ್ಬರೂ ಅಮೆರಿಕಾ, ವಾರಕ್ಕೊಮ್ಮೆ ಭಾನುವಾರ ತಪ್ಪದೆ ವಿಡಿಯೋ ಕಾಲ್ ಮಾಡುತ್ತಾರೆ, ಒಳ್ಳೆ ಮಕ್ಕಳು. ಆದರೆ ಅವತ್ತು ಮಂಗಳವಾರ. ಭಾನುವಾರಕ್ಕ ಇನ್ನ ಐದು ದಿನ ಇತ್ತು.

ಈಗ ವಾಕರ್ ಹಿಡಕೊಂಡು ಬರುತ್ತಾನೆ. ಬಂದ ಕೂಡಲೆ ನಮಗೇ ಬೈಯುತ್ತಾನೆ, ಮೊದಲನೇ ದಿನಾನೇ ಯಾಕ ಬರಲಿಲ್ಲ ಅಂತ.

ಓದುಗುಳಿ · ಮಂಗಳವಾರ, ಬೆಳಿಗ್ಗೆ 9.40

ಕಾಕಾ, ನೀವು ಬರೆದಿದ್ದಕ್ಕೂ ಒಂದು ಅಧ್ಯಯನ ನೆನಪಾಗುತ್ತಿದೆ, ಬೈಯಬೇಡಿ. ಹಾರ್ವರ್ಡ್‌ನವರು 1938ರಲ್ಲಿ ಶುರು ಮಾಡಿ ಅವೇ ಜನರನ್ನು, ಆಮೇಲೆ ಅವರ ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಿದ್ದಾರೆ. ಎಂಬತ್ತರಲ್ಲಿ ಯಾರು ಗಟ್ಟಿಯಾಗಿದ್ದಾರೆ ಅಂತ ನೋಡಿದರೆ, ಐವತ್ತರ ವಯಸ್ಸಿನಲ್ಲಿ ಇದ್ದ ಕೊಲೆಸ್ಟ್ರಾಲ್‌ಗಿಂತ ಆ ವಯಸ್ಸಿನಲ್ಲಿ ನಂಟು ಹೇಗಿತ್ತು ಅನ್ನುವುದೇ ಚೆನ್ನಾಗಿ ಸುಳಿವು ಕೊಟ್ಟಿತಂತೆ. ನನಗೆ ಇನ್ನೂ ಇಷ್ಟವಾದದ್ದು ಕೆನಡಾದ್ದು, 2014ರಲ್ಲಿ ಬಂದದ್ದು. ಅರ್ಧ ಜನರಿಗೆ ಕಾಫಿ ಅಂಗಡಿಯವನ ಜೊತೆ ಬೇಗ ಮುಗಿಸಿ ಬಾ ಅಂದರು, ಇನ್ನರ್ಧಕ್ಕೆ ನಕ್ಕು ಎರಡು ಮಾತಾಡಿ ಬಾ ಅಂದರು. ಮಾತಾಡಿ ಬಂದವರ ಮನಸ್ಸು ಹಗುರವಾಗಿತ್ತು. ಆಳವಾದ ಪ್ರೀತಿ ಸಿಗುವ ತನಕ ಕಾಯುವವರು ಈ ಚಿಲ್ಲರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ.

ನೈಟ್‌ಶಿಫ್ಟ್ · ಬುಧವಾರ, ರಾತ್ರಿ 2.20

ಎಲ್ಲರದ್ದೂ ಓದಿದೆ. ನನಗೆ 23. ಪಿಜಿಯಲ್ಲಿ ಇದ್ದೇನೆ, ರೂಮಲ್ಲಿ ಮೂವರು, ಮೂವರದ್ದೂ ಬೇರೆ ಶಿಫ್ಟು. ಒಬ್ಬನ ಮುಖ ನೋಡಿ ಹತ್ತು ದಿನ ಆಯಿತು, ಅವನ ಒದ್ದೆ ಟವಲ್ ಮಾತ್ರ ಕಾಣುತ್ತದೆ. ನಿಮಗೆಲ್ಲ ಕಳೆದುಕೊಂಡಿದ್ದು ಅಂತ ಏನೋ ಇದೆ. ನನಗೆ ಅದೂ ಇಲ್ಲ. ಕೆಲವು ರಾತ್ರಿ ಇದೆಲ್ಲ ಯಾಕೆ ಬೇಕು ಅನ್ನಿಸುತ್ತದೆ. ಇವತ್ತು ಜಾಸ್ತಿ ಅನ್ನಿಸುತ್ತಿದೆ. ಸುಮ್ನೆ ಬರೆದೆ.

ನಿರ್ವಾಹಕ · ಬುಧವಾರ, ರಾತ್ರಿ 2.27

ನೈಟ್‌ಶಿಫ್ಟ್, ನಾನು ಎಚ್ಚರ ಇದ್ದೇನೆ. ನೇರವಾಗಿ ಕೇಳುತ್ತೇನೆ, ಸಾಯುವ ಯೋಚನೆ ಬರುತ್ತಿದೆಯಾ? ಬರುತ್ತಿದ್ದರೆ ಈಗಲೇ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅಂತ, 2022ರಿಂದ ಇದೆ, ದಿನದ 24 ಗಂಟೆಯೂ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶಕ್ಕೆ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ನಾನೂ ಒಂದು ಸಲ ಮಾಡಿದ್ದೇನೆ. ಏನು ಹೇಳಬೇಕು ಅಂತ ಗೊತ್ತಿಲ್ಲದಿದ್ದರೆ "ಏನು ಹೇಳಬೇಕು ಗೊತ್ತಾಗ್ತಿಲ್ಲ" ಅಂತಲೇ ಶುರು ಮಾಡಿ. ಮಾಡಿದ ಮೇಲೆ ಇಲ್ಲಿ ಒಂದು ಚುಕ್ಕಿ ಹಾಕಿದರೂ ಸಾಕು.

ಕಿಟಕಿ_ಸೀಟು · ಬುಧವಾರ, ರಾತ್ರಿ 2.41

ನಿದ್ದೆ ಬಾರದೆ ಎದ್ದು ನೋಡಿದೆ. ಮಗಾ, ಊಟ ಆಯ್ತಾ?

ನೈಟ್‌ಶಿಫ್ಟ್ · ಬುಧವಾರ, ರಾತ್ರಿ 2.44

ಇಲ್ಲ ಅಮ್ಮ.

ಕಿಟಕಿ_ಸೀಟು · ಬುಧವಾರ, ರಾತ್ರಿ 2.46

ಹೊಟ್ಟೆ ಖಾಲಿ ಇಟ್ಟುಕೊಂಡು ಈ ಹೊತ್ತಲ್ಲಿ ಏನೂ ಯೋಚನೆ ಮಾಡಬಾರದು. ಏನಿದೆಯೋ ಅದು ತಿನ್ನು. ಅವರು ಕೊಟ್ಟ ನಂಬರಿಗೂ ಮಾಡು. ನಾನು ಕಾಯುತ್ತಿರುತ್ತೇನೆ, ಮಲಗುವುದಿಲ್ಲ.

ನೈಟ್‌ಶಿಫ್ಟ್ · ಬುಧವಾರ, ರಾತ್ರಿ 3.50

. 

ಮ್ಯಾಗಿ ತಿಂದೆ. ಫೋನೂ ಮಾಡಿದೆ. ಇಪ್ಪತ್ತು ನಿಮಿಷ ಮಾತಾಡಿದರು, ಜಾಸ್ತಿ ಹೊತ್ತು ನಾನೇ ಮಾತಾಡಿದೆ ಅನ್ನಿಸುತ್ತದೆ. ನಾಳೆ ಮತ್ತೆ ಮಾಡಲು ಹೇಳಿದ್ದಾರೆ. ನೀವು ಮಲಗಿ ಅಮ್ಮ.

ಮ್ಯೂನಿಕ್_ಮಳೆ · ಗುರುವಾರ, ಸಂಜೆ 5.30

ಇಲ್ಲಿ ಜರ್ಮನಿಯಲ್ಲಿ ಡಿಸೆಂಬರ್ ಅಂದರೆ ಸಂಜೆ ನಾಲ್ಕೂವರೆಗೆ ಕತ್ತಲು. ಭಾನುವಾರ ಅಂಗಡಿ ಎಲ್ಲ ಮುಚ್ಚಿರುತ್ತವೆ, ಸುಮ್ನೆ ಹೋಗಿ ಜನರ ಮಧ್ಯೆ ಓಡಾಡೋಣ ಅಂದರೂ ಇಲ್ಲ. ಮೊದಲ ಚಳಿಗಾಲದಲ್ಲಿ ನಾನು ಹಾಲು ಮುಗಿಯದಿದ್ದರೂ ದಿನಾ ಹಾಲಿಗೆ ಹೋಗುತ್ತಿದ್ದೆ, ಕೌಂಟರಿನ ಹೆಂಗಸು "ಶುಭದಿನ" ಅನ್ನುತ್ತಾಳಲ್ಲ ಅದಕ್ಕೆ. ಓದುಗುಳಿ ಹೇಳಿದ ಕೆನಡಾದ ಕಥೆ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ನನಗೆ ಜನ ಸಿಕ್ಕರು, ಸ್ನೇಹಿತರೂ ಆದರು. ಆದರೆ ಜಗಳ ಆಡಲು ಯಾರೂ ಇರಲಿಲ್ಲ. ಜರ್ಮನ್ ಭಾಷೆಯಲ್ಲಿ ಸಿಟ್ಟು ಬಂದರೆ ಮೊದಲು ವ್ಯಾಕರಣ ನೋಡಬೇಕು, ಅಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ರಾಜ್ಯೋತ್ಸವದ ಊಟಕ್ಕೆ ಹೋದಾಗ ಬಿಸಿಬೇಳೆಬಾತಿಗೆ ಆಲೂಗಡ್ಡೆ ಹಾಕುವುದು ಸರಿಯಾ ಅಂತ ಒಬ್ಬ ಮೈಸೂರಿನವರ ಜೊತೆ ಮುಕ್ಕಾಲು ಗಂಟೆ ಜಗಳ ಆಯಿತು. ಕನ್ನಡದಲ್ಲಿ, ಕೈ ಬೀಸಿಕೊಂಡು. ಆ ವರ್ಷದ ಅತಿ ಖುಷಿಯ ದಿನ ಅದು. (ಹಾಕಬಾರದು.)

ಒಂಟಿಮರ · ಎರಡು ವಾರದ ನಂತರ, ಶನಿವಾರ, ಬೆಳಿಗ್ಗೆ 9.15

ವರದಿ ಒಪ್ಪಿಸುತ್ತಿದ್ದೇನೆ.

ಓಡುವವರ ಗುಂಪು ಸೇರಿದೆ. ಎಲ್ಲರೂ ಕೈಗಡಿಯಾರ ನೋಡಿಕೊಂಡು ಓಡುತ್ತಾರೆ, ಮುಗಿದ ಮೇಲೆ ಅಂಕಿ ಹೇಳಿಕೊಳ್ಳುತ್ತಾರೆ. ಆಫೀಸೇ ಶೂ ಹಾಕಿಕೊಂಡು ಬಂದ ಹಾಗಿತ್ತು, ಬಿಟ್ಟೆ. ಒಂದು ಡೇಟಿಂಗ್ ಆ್ಯಪಿಗೆ ದುಡ್ಡು ಕಟ್ಟಿದೆ, ಅದರ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಪಾರ್ಕಿನ ಲಾಫಿಂಗ್ ಕ್ಲಬ್ಬಿಗೂ ಹೋದೆ. ಮುಂಬೈಯ ಒಂದು ಪಾರ್ಕಿನಲ್ಲಿ 1995ರಲ್ಲಿ ಒಬ್ಬ ಡಾಕ್ಟರು ಐದು ಜನರಿಂದ ಶುರು ಮಾಡಿದ್ದಂತೆ ಇದು. ನಾನು ಹೋದ ಕಡೆ ಮೂವತ್ತು ಜನ ಇದ್ದರು, ಎಲ್ಲರೂ ಅರವತ್ತು ದಾಟಿದವರು. ಮೂರನೇ "ಹಾ ಹಾ" ಮುಗಿಯುವುದರೊಳಗೆ ಒಬ್ಬರು ಕೇಳಿದರು, "ಮದುವೆ ಆಗಿದ್ಯೇನಪ್ಪ?" ಇಲ್ಲ ಅಂದೆ. ಇಡೀ ಗುಂಪು ನಗು ನಿಲ್ಲಿಸಿ ನನ್ನನ್ನೇ ನೋಡಿತು.

ಆದರೆ ಪಾರ್ಕಿನ ಎದುರಿಗೆ ಒಂದು ದರ್ಶಿನಿ ಇದೆ. ಅಲ್ಲಿಗೆ ಹೋಗಿ ಕಾಫಿ ಕುಡಿಯುತ್ತಾ ನಿಂತಿದ್ದೆ, ಅವಮಾನ ಆಗಿತ್ತಲ್ಲ. ಪಕ್ಕದ ಮೇಜಿನವರೊಬ್ಬರು, ಎಪ್ಪತ್ತರ ಹತ್ತಿರ ಇರಬೇಕು, ಮಂಕಿ ಟೋಪಿ ಹಾಕಿದ್ದರು. ನನ್ನ ಲೋಟ ನೋಡಿ "ಪೂರ್ತಿ ತಗೊಂಡ್ಯಾ? ನಾಳೆ ಬಂದ್ರೆ ಬೈ ಟೂ ಮಾಡೋಣ, ಡಾಕ್ಟ್ರು ನಂಗೆ ಅರ್ಧವೇ ಹೇಳಿರೋದು" ಅಂದರು. ಆಗ ಹೊಳೆಯಿತು, ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯಿತು, ಕಳೆದ ಒಂದೂವರೆ ವರ್ಷದಲ್ಲಿ ನಾನು ಒಂದು ಸಲವೂ ಬೈ ಟೂ ಹೇಳಿಲ್ಲ. ಹೇಳುವುದಾದರೂ ಹೇಗೆ, ಒಬ್ಬನೇ ಹೋಗಿ.

ಮರುದಿನ ಏಳೂವರೆಗೆ ಹೋದೆ. ಅದರ ಮರುದಿನವೂ. ಅವರ ಹೆಸರು ಇನ್ನೂ ಗೊತ್ತಿಲ್ಲ, ನನ್ನದೂ ಅವರು ಕೇಳಿಲ್ಲ. ಮದುವೆ ವಿಷಯ ಎತ್ತಿಲ್ಲ, ದೊಡ್ಡ ಉಪಕಾರ. ಎಂಟು ನಿಮಿಷ ನಿಂತಿರುತ್ತೇವೆ. ಚಟ್ನಿಗೆ ನೀರು ಜಾಸ್ತಿ ಆಯಿತು, ರಸ್ತೆ ಮತ್ತೆ ಅಗೆದರು, ಇಷ್ಟೇ.

ಈ ಬುಧವಾರ ರಾತ್ರಿ ಕೆಲಸ ಜಾಸ್ತಿಯಾಗಿ ಗುರುವಾರ ಏಳಲಿಲ್ಲ. ನಿನ್ನೆ ಹೋದರೆ ಮುಖ ಊದಿಸಿಕೊಂಡು ನಿಂತಿದ್ದರು. "ಎಲ್ಲಿ ಹಾಳಾಗ್ಹೋಗಿದ್ದೆ? ಇಪ್ಪತ್ತು ನಿಮಿಷ ಕಾದೆ. ಪೂರ್ತಿ ಕಾಫಿ ನಾನೇ ಕುಡೀಬೇಕಾಯ್ತು. ಶುಗರ್ ಏರಿದ್ರೆ ನೀನೇ ಹೊಣೆ."

ಅಲ್ಲೇ ಅಳು ಬಂತು, ನಿಜವಾಗಿ. ಕಾಫಿ ಬಿಸಿ ಅಂತ ಹೇಳಿದೆ.

ಹಾಗೇ ಆಫೀಸಿಗೆ ಹೋಗುತ್ತಾ ಅಪ್ಪನಿಗೆ ಫೋನ್ ಮಾಡಿದೆ. ಮಳೆ ಬಂತಾ ಅಂತ ನಾನೇ ಮೊದಲು ಕೇಳಿದೆ. ಗಾಬರಿಯಾದರು, "ಯಾಕಪ್ಪ, ಹುಷಾರಾಗಿದ್ಯಾ?"

ಕರೆಂಟು_ಹೋದಾಗ · ಶನಿವಾರ, ಬೆಳಿಗ್ಗೆ 11.00

ಒಂಟಿಮರ, ಓದಿ ಜೋರಾಗಿ ನಕ್ಕೆ. ಏನು ಅಂತ ಇವರು ಕೇಳಿದರು. ಹೌದು, ಕೇಳಿದರು! ಬೈ ಟೂ ಕಥೆ ಓದಿ ಹೇಳಿದೆ. ಆಮೇಲೆ ನಾನೇ ಹೋಗಿ ಮೇನ್ ಸ್ವಿಚ್ ಆಫ್ ಮಾಡಲಾ ಅಂತ ಯೋಚನೆ ಬಂತು. ರಾತ್ರಿ ಮಾಡಿ ನೋಡುತ್ತೇನೆ, ಫ್ರಿಜ್ಜಿನಲ್ಲಿ ಇಡ್ಲಿ ಹಿಟ್ಟಿದೆ, ಹುಳಿ ಬಂದರೆ ಬರಲಿ.

ಫಿಲ್ಟರ್‌ಕಾಫಿ · ಶನಿವಾರ, ಮಧ್ಯಾಹ್ನ 12.40

ಆ ದರ್ಶಿನಿ ಎಲ್ಲಿದೆ ಅಂತ ಹೇಳಬೇಡಿ, ನಾವೆಲ್ಲ ಬಂದು ಕೆಡಿಸಿಬಿಡುತ್ತೇವೆ. ಅಮ್ಮನಿಗೆ ನಿನ್ನೆ ಮಲ್ಲಿಗೆ ತಂದೆ. ಮುಡಿಯಲಿಲ್ಲ. ಬಿಸಾಡಲೂ ಇಲ್ಲ, ಫ್ರಿಜ್ಜಲ್ಲಿ ಇಟ್ಟಿದ್ದಾಳೆ.

ನೈಟ್‌ಶಿಫ್ಟ್ · ಭಾನುವಾರ, ಬೆಳಿಗ್ಗೆ 8.35

ಕಿಟಕಿ ಸೀಟು ಅಮ್ಮ, ಮೂರು ದಿನದಿಂದ ಇಲ್ಲಿ ಕಾಣಲೇ ಇಲ್ಲ. ಹುಷಾರಾಗಿದ್ದೀರಾ? ಊಟ, ತಿಂಡಿ ಆಯ್ತಾ?

ಕಿಟಕಿ_ಸೀಟು · ಭಾನುವಾರ, ಬೆಳಿಗ್ಗೆ 9.20

ಇನ್ನೂ ಆಗಿಲ್ಲ ಮಗಾ. ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತಿದೆ, ಮಂಜು ಬಿದ್ದು ಎದುರಿಗಿನ ಹೋಟೆಲ್ಲೇ ಕಾಣುತ್ತಿಲ್ಲ. ನೀರು ದೋಸೆ ಬಿಸಿ ಇದೆಯಂತೆ. ಕಂಡಕ್ಟರು ಹತ್ತು ನಿಮಿಷ ಅಂದಿದ್ದಾನೆ, ಆಮೇಲೆ ಬರೆಯುತ್ತೇನೆ.